ಗುಲಾಬಿ ಬಣ್ಣದ ಗುಳಿಗೆ

"ಒಂದು ಕಣ್ಣು ಮುಚ್ಚಬೇಡ್ರಿ. ಎರಡೂ ತೆರೆದೇ ನೋಡ್ರಿ," ಎಂದರು ಡಾಕ್ಟರ್ ಏಕಾಂತಮ್ಮ.

ಸಬ್ ಇನ್‌ಸ್ಪೆಕ್ಟರ್ ಅನುಸೂಯ ಸೂಕ್ಷ್ಮದರ್ಶಕದ ಮೇಲೆ ಮತ್ತೆ ಬಾಗಿದಳು. ಬೆನ್ನಿನಲ್ಲಿ ಚಳಕು ಹೊಡೆಯಿತು. ಹಿಂದಿನ ದಿನ ಪೂರ್ತಿ ಹೊಳಲ್ಕೆರೆ ಬಸ್ ನಿಲ್ದಾಣದ ಮುಂದೆ ಬಂದೋಬಸ್ತಿಗೆ ನಿಂತ ಕಾಲುಗಳು ಇನ್ನೂ ಬೂಟಿನೊಳಗೆ ಊದಿಕೊಂಡೇ ಇದ್ದವು. ಚಿತ್ರದುರ್ಗದ ಶವಾಗಾರದ ಪಕ್ಕದ ಈ ಕೋಣೆಯಲ್ಲಿ ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ.

ಗಾಜಿನ ಕೆಳಗೆ ಒಂದು ಪುಟ್ಟ ಜಾಲರಿ ಕಂಡಿತು. ಪೆನ್ನಿನೊಳಗಿನ ಸ್ಪ್ರಿಂಗಿನಂಥದು, ಅದಕ್ಕಿಂತ ನಾಜೂಕು. ತಹಶೀಲ್ದಾರರನ್ನು ಎದುರಿಗೆ ನಿಲ್ಲಿಸಿಕೊಂಡು ರಾಮಗಿರಿಯ ಹೊಲದಲ್ಲಿ ಸಮಾಧಿ ತೆಗೆಸಿ, ಮಂಡಕ್ಕಿ ಭಟ್ಟಿಯ ಗಂಗಾಧರಪ್ಪನವರ ಗುಂಡಿಗೆಯಿಂದ ಬಿಡಿಸಿ ತಂದ ಸ್ಟೆಂಟ್ ಅದು. ಮದ್ದು ಹಚ್ಚಿದ್ದು ಎಂದು ಹೇಳಿ ಸಾದಾ ತಂತಿ ಹಾಕಿ ನಮ್ಮಪ್ಪನನ್ನು ಕೊಂದರು ಎಂದು ಅವರ ಮಗಳು ದಿವ್ಯಾ ದೂರು ಕೊಟ್ಟಿದ್ದಳು. ಸ್ಟೆಂಟ್ ಹಾಕಿದ ಡಾಕ್ಟರ್ ಲಕ್ಷ್ಮೀಕಾಂತ್ ಅವರನ್ನು ಯಾವ ದಿನ ಬಂಧಿಸಬೇಕು ಎಂಬುದಷ್ಟೇ ಬಾಕಿ ಉಳಿದಿತ್ತು.

"ಏನ್ ಕಾಣ್ತೈತೆ?"

"ತಂತಿ ಮೇಲೆ ಪೊರೆ ಥರ ಏನೋ ಐತೆ. ಒಂದು ಕಡೆ ಸಿಪ್ಪೆ ಎದ್ದಂಗೆ."

"ಅದೇ ಪ್ಲಾಸ್ಟಿಕ್ ಲೇಪ. ಸಾದಾ ಸ್ಟೆಂಟಿಗೆ ಅದು ಇರಲ್ಲ."

ಅನುಸೂಯ ತಲೆ ಎತ್ತಿದಳು. "ಅಂದ್ರೆ?"

"ಅಂದ್ರೆ ಡಾಕ್ಟ್ರು ಮೋಸ ಮಾಡಿಲ್ಲ. ಕುಂತ್ಕಳ್ರಿ, ಹೇಳ್ತೀನಿ."

ಕುರ್ಚಿಯ ಮೇಲೆ ಅನುಸೂಯ ಬಿದ್ದಳೆಂದೇ ಹೇಳಬೇಕು. ಏಕಾಂತಮ್ಮ ಕೈಗವಸು ಕಳಚುತ್ತಾ ನಿಧಾನವಾಗಿ ಹೇಳತೊಡಗಿದರು.

"ಸಾದಾದ್ದು ಅಂದ್ರೆ ಬರೀ ಲೋಹ. ಕಟ್ಟಿಕೊಂಡ ರಕ್ತನಾಳನ ಹಿಗ್ಗಿಸಿ ಹಿಡ್ಕಂತೈತೆ. ಆದ್ರೆ ಮೈ ಸುಮ್ನಿರಲ್ಲ. ಗಾಯ ಆಯ್ತು ಅಂತ ತಿಳ್ಕಂಡು ಅದರ ಮೇಲೆ ಮಾಂಸ ಬೆಳೆಸ್ತೈತೆ. ಕೆಲವರಿಗೆ ಅದು ಅತಿಯಾಗಿ ಬೆಳೆದು, ಆರೆಂಟು ತಿಂಗಳಿಗೆ ದಾರಿ ಮತ್ತೆ ಕಟ್ಕಂತೈತೆ. ಅದನ್ನ ತಡೆಯಾಕೆ ಅಂತ್ಲೇ ಮದ್ದಿನ ಸ್ಟೆಂಟ್ ಬಂತು. ಲೇಪದೊಳಗೆ ಮದ್ದು ಇಟ್ಟಿರ್ತಾರೆ, ಅದು ಮೆಲ್ಲಗೆ ಒಸರ್ತಾ ಮಾಂಸ ಬೆಳೆಯಾಕೆ ಬಿಡಲ್ಲ."

"ಅದರಾಗೂ ಎರಡು ಥರ ಐತೆ ಅಂದಿದ್ರು ಲಕ್ಷ್ಮೀಕಾಂತ್."

"ಈಗ ನಮ್ಮ ಕಡೆ ಹೆಚ್ಚು ಓಡೋವು ಎರಡು. ಒಂದರ ಮದ್ದು ಯಾವುದೋ ದ್ವೀಪದ ಮಣ್ಣಾಗಿನ ಸೂಕ್ಷ್ಮಜೀವಿಯಿಂದ ಬಂದಿದ್ದು. ಇನ್ನೊಂದರದ್ದು ಮರದ ತೊಗಟೆಯಿಂದ, ಕ್ಯಾನ್ಸರಿಗೂ ಅದನ್ನೇ ಕೊಡ್ತಾರೆ. ಮಣ್ಣಿನದು ಮಾಂಸ ಬೆಳೆಯೋದನ್ನ ಇನ್ನೂ ಚೆನ್ನಾಗಿ ತಡೀತೈತೆ ಅಂತಾರೆ ಕೆಲವರು. ಜೀವ ಉಳಿಸೋದ್ರಾಗೆ ಎರಡೂ ಒಂದೇ ಅಂತಾರೆ ಇನ್ನು ಕೆಲವರು. ಆ ಜಗಳ ಇನ್ನೂ ಮುಗಿದಿಲ್ಲ. ಮದ್ದು ಖಾಲಿಯಾದ್ರೂ ಲೇಪ ಉಳೀತೈತೆ, ಎರಡರ ಲೇಪನೂ ಬೇರೆ ಬೇರೆ. ಬೆಂಗಳೂರಿನ ಪ್ರಯೋಗಾಲಯದೋರು ಪರೀಕ್ಷೆ ಮಾಡಿ ಹೇಳ್ಯಾರೆ, ಇದು ಮಣ್ಣಿನ ಮದ್ದಿಂದು ಅಂತ. ಲಕ್ಷ್ಮೀಕಾಂತ್ ಏನು ಹೇಳಿದ್ರೋ ಅದನ್ನೇ ಹಾಕ್ಯಾರೆ."

ಅನುಸೂಯ ಕಣ್ಣುಜ್ಜಿಕೊಂಡಳು. ಇಷ್ಟು ದಿನದ ಓಡಾಟ, ಸಮಾಧಿಯ ಎದುರು ಆ ಮನೆಯ ಹೆಂಗಸರ ಅಳು, ಎಲ್ಲ ಒಮ್ಮೆಲೇ ಹೆಗಲ ಮೇಲೆ ಬಂದು ಕುಳಿತಂತಾಯಿತು.

"ಹಂಗಾದ್ರೆ ಅವರು ಸತ್ತಿದ್ದು ಹೆಂಗೆ?"

"ಮಾಂಸ ಬೆಳೆಯಾಕೆ ಬಿಡಲ್ಲ ಅಂದ್ನಲ್ಲ, ಇದರ ತೊಂದರೆನೂ ಅದೇ. ತಂತಿ ಬಹಳ ದಿನ ಬೆತ್ತಲೆ ಇರ್ತೈತೆ. ಬೆತ್ತಲೆ ತಂತಿ ಮೇಲೆ ರಕ್ತ ಹೆಪ್ಪುಗಟ್ಟತೈತೆ. ಅದಕ್ಕೇ ಹೆಪ್ಪು ತಡೆಯೋ ಎರಡು ಗುಳಿಗೆ ಕೊಡೋದು. ಸಾದಾದ್ದು ಹಾಕಿದ್ರೆ ಎರಡನೇ ಗುಳಿಗೆ ಒಂದು ತಿಂಗಳು ತಗಂಡ್ರೆ ನಡೀತೈತೆ. ಮದ್ದಿನದು ಹಾಕಿದ್ರೆ ವರ್ಷಗಟ್ಟಲೆ ತಗಳ್ಳೇಬೇಕು. ನಡುವೆ ಬಿಟ್ರೆ ಯಾವತ್ತು ಬೇಕಾದ್ರೂ ಹೆಪ್ಪು ಕೂರಬಹುದು." ಏಕಾಂತಮ್ಮ ಗಾಜಿನ ತಟ್ಟೆಯನ್ನು ಬೆರಳಿನಿಂದ ಮುಟ್ಟಿದರು. "ಈ ಜಾಲರಿ ತುಂಬ ಒಣಗಿದ ರಕ್ತ ಐತೆ. ನನ್ನ ಕೇಳಿದ್ರೆ, ಈ ಮನುಷ್ಯ ಎರಡನೇ ಗುಳಿಗೆ ನುಂಗ್ತಿರಲಿಲ್ಲ."

"ಒಂದು ದಿನನೂ ತಪ್ಪಿಸಿಲ್ಲ ಅಂತ ಅವರ ಹೆಂಡ್ತಿ ಆಣೆ ಮಾಡಿ ಹೇಳ್ಯಾರೆ."

"ಹಂಗಾದ್ರೆ ಅವರು ನುಂಗಿದ್ದು ಗುಳಿಗೇನೋ, ಸುಣ್ಣದ ಬಿಲ್ಲೇನೋ. ಅದನ್ನ ನೀವು ನೋಡ್ರಿ."

ಹೊರಗೆ ಜೀಪಿನ ನೆರಳಿನಲ್ಲಿ ಮುಖ್ಯಪೇದೆ ಅಜ್ಜಪ್ಪ ಕುಕ್ಕರುಗಾಲಿನಲ್ಲಿ ಕುಳಿತಿದ್ದ. ಅವಳ ಮುಖ ನೋಡಿ ಎದ್ದು ನಿಂತ.

"ಡಾಕ್ಟ್ರನ್ನ ಎತ್ತಾಕ್ಕಂಡು ಬರಾದಾ ಮೇಡಮ್?"

"ಇಲ್ಲ. ಹೊಳಲ್ಕೆರೆಗೆ ನಡೀರಿ. ಗುಳಿಗೆ ಯಾರು ತರ್ತಿದ್ರು?"

"ಮಗ. ಗುರುರಾಜ್. ಹಿರಿಯೂರಾಗೆ ಔಷಧದ ಏಜೆನ್ಸಿ ಐತಲ್ಲ, ಆಯಪ್ಪನೇ ತಂದುಕೊಡಾನು."

ಅನುಸೂಯ ಜೀಪು ಹತ್ತಿ ಸೀಟಿಗೆ ತಲೆ ಆನಿಸಿದಳು. ಜೀಪು ಹೊರಟಿದ್ದೂ ಅವಳಿಗೆ ತಿಳಿಯಲಿಲ್ಲ.

*

ಗಂಗಾಧರಪ್ಪನವರ ಹೆಂಡತಿ ಮರುಳಸಿದ್ದಮ್ಮ ಹೊಳಲ್ಕೆರೆಯ ಮನೆಯ ಪಡಸಾಲೆಯಲ್ಲಿ ಗೋಡೆಗೊರಗಿ ಕುಳಿತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ತಾಯಿಯನ್ನು ನೋಡಲೆಂದು ಗುರುರಾಜ್ ಅಂದೇ ಹಿರಿಯೂರಿನಿಂದ ಬಂದಿದ್ದ. ದಿವ್ಯಾ ನೀರು ತಂದಿಟ್ಟು ನಿಂತೇ ಇದ್ದಳು.

ಅನುಸೂಯ ಸುತ್ತಿ ಬಳಸದೆ ಹೇಳಿದಳು. "ನಿಮ್ಮಪ್ಪಂಗೆ ಹಾಕಿದ್ದು ಮದ್ದಿನ ಸ್ಟೆಂಟೇ ಅಂತೆ. ಪರೀಕ್ಷೆ ಆಗೈತೆ."

ದಿವ್ಯಾ ಅಮ್ಮನ ಪಕ್ಕ ಕುಳಿತಳು. ಆಮೇಲೆ, "ಹಂಗಾದ್ರೆ ಮಲಗಿದ್ದೋರನ್ನ ಅಗೆದು ಎಬ್ಬಿಸಿದ್ದು ಸುಮ್ನೆನಾ?" ಎಂದಳು.

ಅನುಸೂಯ ಗುರುರಾಜನ ಕಡೆ ತಿರುಗಿದಳು. "ಗುಳಿಗೆ ನೀವೇ ತಂದುಕೊಡ್ತಿದ್ರಂತೆ."

"ಹೌದು." ಅವನಿಗೆ ಪ್ರಶ್ನೆಯ ಮೊನೆ ತಾಕಿತು. ಎದ್ದು ಒಳಗೆ ಹೋಗಿ ಉಳಿದಿದ್ದ ಗುಳಿಗೆಗಳನ್ನೆಲ್ಲ ತಂದು ಮುಂದಿಟ್ಟ. "ತಗಂಡು ಹೋಗಿ ಪರೀಕ್ಷೆ ಮಾಡಿಸ್ರಿ. ಇದೇ ಪೆಟ್ಟಿಗೆಯಿಂದ ನಮ್ಮತ್ತೆನೂ ತಗಂತಾರೆ. ಅವರಿಗೂ ಹಾರ್ಟಿನ ತೊಂದರೆ. ಅವರು ಚೆನ್ನಾಗೇ ಅದಾರೆ. ಹೆತ್ತಪ್ಪಂಗೆ ಸುಳ್ಳು ಗುಳಿಗೆ ಕೊಡ್ತೀನಾ ನಾನು?"

ಅವನ ದನಿ ಒಡೆಯಿತು. ಅನುಸೂಯ ಇಂಥ ದನಿಗಳನ್ನು ಸಾಕಷ್ಟು ಕೇಳಿದ್ದಳು, ನಿಜದವನ್ನೂ, ಸುಳ್ಳಿನವನ್ನೂ. ಇದು ಸುಳ್ಳೆನ್ನಿಸಲಿಲ್ಲ. ಹಾಗೆಂದು ಗುಳಿಗೆಗಳನ್ನು ಅಲ್ಲೇ ಬಿಡಲೂ ಇಲ್ಲ. ಅಜ್ಜಪ್ಪನ ಕೈಗೆ ಕೊಟ್ಟಳು.

"ಅಮ್ಮ, ಅವರು ಹೆಂಗೆ ತಗಂತಿದ್ರು, ಬೆಳಿಗ್ಗೆ ಎದ್ದಾಗಿಂದ ಹೇಳ್ರಿ."

ಮರುಳಸಿದ್ದಮ್ಮ ಕಣ್ಣು ಮುಚ್ಚಿ ನೆನಪು ಮಾಡಿಕೊಂಡರು. "ಸ್ನಾನ, ಲಿಂಗಪೂಜೆ. ಆಮೇಲೆ ನಾನೇ ಎರಡೂ ಗುಳಿಗೆ ಬಿಡಿಸಿ ಅಂಗೈಗೆ ಹಾಕ್ತಿದ್ದೆ. ಬಿಳೇದು ನನ್ನ ಎದುರಿಗೇ ನೀರು ಕುಡಿದು ನುಂಗೋರು. ಎರಡನೇದು, ಗುಲಾಬಿ ಬಣ್ಣದ್ದು, ಖಾಲಿ ಹೊಟ್ಟೆಗೆ ಉರೀತೈತೆ ಕಣೇ, ಭಟ್ಟಿಯಾಗೆ ತಿಂಡಿ ತಿಂದು ನುಂಗ್ತೀನಿ ಅಂತ ಜೇಬಿಗೆ ಹಾಕ್ಕಳೋರು."

"ನೀವು ನುಂಗಿದ್ದು ನೋಡಿಲ್ಲ."

"ಭಟ್ಟಿಗೆ ನಾನು ಹೋಗಿ ನೋಡ್ತೀನಾ ತಾಯಿ?"

"ಅವರ ಅಂಗಿ ಅದಾವಾ?"

ದಿವ್ಯಾ ಕಪಾಟಿನಿಂದ ಬಿಳಿ ಅಂಗಿಗಳ ಒಂದು ಅಟ್ಟಿಯನ್ನೇ ತಂದಳು. ಅನುಸೂಯ ಒಂದೊಂದರ ಜೇಬನ್ನೂ ಒಳಮೈ ಹೊರಗೆ ಮಾಡಿದಳು. ಮೂಲೆಯಲ್ಲಿ ನಸುಗುಲಾಬಿ ಕಲೆ. ಭಟ್ಟಿಯ ಝಳಕ್ಕೆ ಬೆವತ ಎದೆಯ ಮೇಲೆ ಗುಳಿಗೆಯ ಬಣ್ಣ ಕರಗಿ ಬಟ್ಟೆಗೆ ಇಳಿದಿತ್ತು. ಹೆಚ್ಚುಕಡಿಮೆ ಎಲ್ಲ ಅಂಗಿಗಳ ಜೇಬೂ ಹಾಗೆಯೇ.

"ಎಷ್ಟು ತಿಕ್ಕಿದ್ರೂ ಹೋಗ್ತಿರಲಿಲ್ಲ. ಯಾವುದೋ ಬಣ್ಣದ ಕಲೆ ಅಂತ ಮಾಡಿದ್ದೆ," ಎಂದರು ಮರುಳಸಿದ್ದಮ್ಮ. ಅಂಗಿಯೊಂದನ್ನು ಮಡಿಲಿಗೆ ಎಳೆದುಕೊಂಡು ಕಲೆಯ ಮೇಲೆ ಹೆಬ್ಬೆರಳು ಆಡಿಸತೊಡಗಿದರು.

ಬೆವರು ಮೂಡುವವರೆಗೂ ಗುಳಿಗೆ ಜೇಬಿನಲ್ಲೇ ಇರುತ್ತಿತ್ತು. ತಿಂಡಿಗೆ ಮುಂಚೆ ಅದು ಬಾಯಿಗೆ ಹೋಗುತ್ತಿರಲಿಲ್ಲ ಎಂಬುದಂತೂ ನಿಜ. ತಿಂಡಿಯಾದ ಮೇಲೆ ಎಲ್ಲಿಗೆ ಹೋಗುತ್ತಿತ್ತು?

"ಭಟ್ಟಿಯಾಗೆ ಅವರ ಜೊತೆ ತಿಂಡಿಗೆ ಕೂರೋರು ಯಾರು?"

"ಇನ್ಯಾರು, ಚಿತ್ರಲಿಂಗ," ಎಂದರು ಮರುಳಸಿದ್ದಮ್ಮ.

ದಿವ್ಯಾ ಅಣ್ಣನ ಮುಖ ನೋಡಿದಳು. ಗುರುರಾಜ್ ನೆಲ ನೋಡುತ್ತಾ ಹೇಳಿದ. "ಚಿತ್ರಲಿಂಗಪ್ಪ ಮಂಡಕ್ಕಿ ಹುರಿಯೋ ಆಳು. ಅಪ್ಪನ ಜೊತೆ ಸಣ್ಣೋನಿಂದ ಇದ್ದೋನು. ಇಬ್ಬರಿಗೂ ಒಂದೇ ದಿನ ಸ್ಟೆಂಟ್ ಹಾಕಿದ್ರು. ಅವನದೂ ಅಪ್ಪನೇ ಹಾಕ್ಸಿದ್ದು. ಆಳಿಗ್ಯಾಕೆ ಅಷ್ಟು ದುಬಾರಿದು ಅಂತ ನಾನು ಮನೇಲಿ ರಂಪ ಮಾಡಿದ್ದೆ. ಆವತ್ತಿಂದ ಅವನ ಹೆಸರು ಅಪ್ಪ ನಮ್ಮೆದುರಿಗೆ ಎತ್ತಲೇ ಇಲ್ಲ."

"ಈಗ ಎಲ್ಲಿದಾನೆ?"

"ಅಪ್ಪ ಹೋದ ಮೇಲೆ ಭಟ್ಟಿ ಬಿಟ್ಟ. ಹಿರಿಯೂರಿನಾಚೆ ಹೆಂಡ್ತಿ ಊರು."

ಹೊರಡುವಾಗ ಗುರುರಾಜ್ ಜೀಪಿನ ತನಕ ಬಂದ. "ಮೇಡಮ್, ಅಪ್ಪ ಆ ಗುಳಿಗೆ ಬಿಸಾಕ್ತಿದ್ರು ಅಂತೀರಾ?"

"ಗೊತ್ತಿಲ್ಲ," ಎಂದಳು ಅನುಸೂಯ. ಅದು ಆಗ ನಿಜವೇ ಆಗಿತ್ತು.

*

ಮರುದಿನ ಹಿರಿಯೂರು ದಾಟಿ ಹುಳಿಯಾರು ರಸ್ತೆಯ ಆ ಹಟ್ಟಿಯನ್ನು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಬೇವಿನ ಮರದ ಕೆಳಗೆ ಹಗ್ಗದ ಮಂಚದ ಮೇಲೆ ಚಿತ್ರಲಿಂಗಪ್ಪ ಕುಳಿತಿದ್ದ. ಎತ್ತರದ ಆಳು. ಮುಂಗೈ ತುಂಬ ಕಾದ ಮರಳು ಸಿಡಿದು ಆದ ಹಳೆಯ ಸುಟ್ಟ ಕಲೆಗಳು. ಪೊಲೀಸರನ್ನು ನೋಡಿ ಏಳಲು ಹೋಗಿ ಏದುಸಿರು ಬಿಡುತ್ತಾ ಅಲ್ಲೇ ಕುಸಿದ.

"ಕುಂತ್ಕಳಪ್ಪ, ಎದ್ದೇಳಬ್ಯಾಡ," ಎಂದಳು ಅನುಸೂಯ. ಅವನ ಹೆಂಡತಿ ಕೆಂಚಕ್ಕ ಒಳಗಿನಿಂದ ಮಣೆ ತಂದು ಹಾಕಿದಳು.

"ಯಜಮಾನ್ರು ನಿಂಗೆ ಗುಳಿಗೆ ಕೊಡ್ತಿದ್ರಾ?"

ಅವನು ಹೆಂಡತಿಯ ಕಡೆ ನೋಡಿದ. ಕೆಂಚಕ್ಕ ಸೆರಗಿನ ತುದಿ ಬಾಯಿಗೆ ಹಿಡಿದಳು.

"ಕೊಡೋರು," ಎಂದ ಚಿತ್ರಲಿಂಗಪ್ಪ. "ಸ್ಟಂಟ್ ಹಾಕ್ಸಿದ್ದಕ್ಕೇ ಮಗ ಬೈದಾನೆ, ಇನ್ನು ಗುಳಿಗೇನೂ ಕೇಳಿದ್ರೆ ಮನೆ ಎರಡಾಗ್ತೈತೆ, ನಂದ್ರಾಗೇ ಕೊಡ್ತೀನಿ ಬಾರಲೇ ಅಂದ್ರು. ಮೊದ್ಲು ಒಂದಿನ ನಿಂಗೆ, ಒಂದಿನ ನಂಗೆ ಅನ್ನೋರು. ಆಮ್ಯಾಲೆ ದಿನಾ ನಂಗೇ ಕೊಡಾಕೆ ಶುರು ಮಾಡಿದ್ರು. ನಾನು ಬ್ಯಾಡ ಅಂದೆ ಮೇಡಮ್, ನಮ್ಮ ದೇವರಾಣೆ ಬ್ಯಾಡ ಅಂದೆ. ನಾನು ಗಟ್ಟಿ ಅದೀನಿ ಕಣಲೇ, ನೀನು ಬೆಂಕಿ ಮುಂದೆ ನಿಲ್ಲೋನು, ನುಂಗು ಅಂದು ಎದುರಿಗೆ ನಿಂತು ನುಂಗಿಸೋರು."

"ಅವರೇ ಅಂಗಡಿಯಾಗೆ ಇನ್ನೊಂದು ಕೊಂಡ್ಕಂಡ್ರೆ ಆಗ್ತಿತ್ತಲ್ಲ?"

"ಲೆಕ್ಕ ಎಲ್ಲ ಮಗನ ಕೈಯಾಗೆ ಇತ್ತು. ಊರಾಗಿನ ಔಷಧದ ಅಂಗಡಿಯೋರೆಲ್ಲ ಅವನ ಪರಿಚಯದೋರು. ಒಂದು ಮಾತು ಹೋಗಿ ಮುಟ್ಟಿದ್ರೆ ಮತ್ತೆ ರಂಪ. ಅದಕ್ಕೇ ಅಂಜೋರು."

ಅಜ್ಜಪ್ಪ ಮುಖ ತಿರುಗಿಸಿ ರಸ್ತೆಯ ಕಡೆ ನೋಡತೊಡಗಿದ.

"ನಿಂಗೆ ಯಾವ ಥರದ್ದು ಹಾಕ್ಯಾರೆ ಅಂತ ಯಾರಾದ್ರೂ ಹೇಳಿದ್ರಾ?"

"ಯಜಮಾನ್ರೇ. ನಂಗೆ ಹಾಕಿದ್ದನ್ನೇ ನಿಂಗೂ ಹಾಕ್ಸೀನಿ, ಮದ್ದಿಂದು, ಭೇದ ಮಾಡಿಲ್ಲ ಅಂದಿದ್ರು."

ಬೇವಿನ ಹಣ್ಣೊಂದು ಮಂಚದ ಮೇಲೆ ಬಿತ್ತು. ಚಿತ್ರಲಿಂಗಪ್ಪ ಅದನ್ನೇ ನೋಡುತ್ತಾ ಕೇಳಿದ. "ಮೇಡಮ್, ಆ ಗುಳಿಗೆ ಇಲ್ದಿದ್ದಕ್ಕೇ ಯಜಮಾನ್ರು ಹೋದ್ರಾ?"

ಸುಳ್ಳು ಹೇಳಬಹುದಿತ್ತು. ಇಷ್ಟು ವರ್ಷದ ನೌಕರಿಯಲ್ಲಿ ಇದಕ್ಕಿಂತ ಸಣ್ಣ ಕಾರಣಕ್ಕೆ ದೊಡ್ಡ ಸುಳ್ಳು ಹೇಳಿದ್ದಳು. ಆದರೆ ಸುಳ್ಳು ಹೊಂದಿಸಲೂ ತ್ರಾಣ ಬೇಕು, ಅದು ಅವಳಲ್ಲಿ ಉಳಿದಿರಲಿಲ್ಲ.

"ನೀನು ನುಂಗಿದ್ದು ತಪ್ಪಲ್ಲಪ್ಪ," ಎಂದಳು.

ಅವನಿಗೆ ಅಷ್ಟು ಸಾಕಾಯಿತು. ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಸದ್ದಿಲ್ಲದೆ ನೀರು ಇಳಿಯಿತು.

ಕೆಂಚಕ್ಕ ಗಂಡನ ಬೆನ್ನು ಸವರುತ್ತಾ ಅಂದಳು. "ಇಷ್ಟು ಮಾಡಿಯೂ ಇವರಿಗೆ ಗುಣ ಆಗಿಲ್ಲ ನೋಡ್ರಿ. ಸಂಕ್ರಾಂತಿ ಕಳೆದಾಗಿಂದ ನಾಕು ಹೆಜ್ಜೆ ಇಟ್ರೆ ಎದೆ ಹಿಡ್ಕಂತೈತೆ. ಸ್ಟಂಟ್ ಹಾಕೋ ಮುಂಚೆ ಹೆಂಗೆ ಹಿಡೀತಿತ್ತೋ ಹಂಗೇ."

ಅನುಸೂಯ ತಟ್ಟನೆ ಅವಳ ಕಡೆ ತಿರುಗಿದಳು. "ಮೊದಲಿನ ಹಂಗೇನಾ?"

"ಹಂಗೇ. ಅದೇ ಜಾಗ, ಅದೇ ನೋವು."

ಹೆದ್ದಾರಿಗೆ ಬಂದ ಮೇಲೆ ಜೀಪು ನಿಲ್ಲಿಸಿ ಏಕಾಂತಮ್ಮನವರಿಗೆ ಫೋನ್ ಮಾಡಿದಳು. ಲಾರಿಗಳ ಸದ್ದಿಗೆ ಒಂದು ಕಿವಿ ಮುಚ್ಚಿಕೊಂಡು ಕೇಳಬೇಕಾಯಿತು.

"ಮತ್ತೆ ಅಲ್ಲೇ ಕಟ್ಕಂಡಿದ್ರೆ ಸಾದಾದ್ದು ಇರಬಹುದು," ಎಂದರು ಅವರು. "ಮದ್ದಿನದು ಕಟ್ಕಳ್ಳೋದೇ ಇಲ್ಲ ಅಂತಲ್ಲ, ಕಡಿಮೆ. ಅನುಮಾನ ಪಡಬಹುದು, ಆಣೆ ಮಾಡಾಕಾಗಲ್ಲ."

"ಎಕ್ಸ್-ರೇದಾಗೆ ಗೊತ್ತಾಗಲ್ವಾ?"

"ಎಷ್ಟೋ ಸಲ ಒಂದೇ ಜಾಲರೀನ ಲೇಪ ಹಚ್ಚಿಯೂ ಮಾರ್ತಾರೆ, ಹಚ್ಚದೆಯೂ ಮಾರ್ತಾರೆ. ಎಕ್ಸ್-ರೇಗೆ ಎರಡೂ ಒಂದೇ. ಗಂಗಾಧರಪ್ಪಂದು ನನ್ನ ಕೈಗೆ ಸಿಕ್ಕಿತು, ಸತ್ತಿದ್ರು. ಇವನದು ಬದುಕಿರೋ ಎದೆಯೊಳಗೆ ಐತೆ. ಹೆಂಗೆ ತೆಗೀತೀರಿ?"

ಫೋನ್ ಇಟ್ಟು ಅನುಸೂಯ ಜೀಪಿನ ಬಾಗಿಲಿಗೆ ಒರಗಿದಳು. ಚಿತ್ರಲಿಂಗಪ್ಪನ ಎದೆಯಲ್ಲಿರುವುದು ಸಾದಾ ತಂತಿಯಾಗಿದ್ದರೆ ಅವನಿಗೆ ಎರಡನೇ ಗುಳಿಗೆ ಒಂದು ತಿಂಗಳು ಸಾಕಿತ್ತು. ಆಮೇಲೆ ನುಂಗಿದ್ದೆಲ್ಲ ಅವನಿಗೆ ಬೇಕಿರದ ಗುಳಿಗೆ. ಯಾರಿಗೆ ಬೇಕಿತ್ತೋ ಅವರು ಎದುರಿಗೆ ನಿಂತು, ಬೈದು, ನುಂಗಿಸಿದ್ದರು.

ಹಾಗಿದ್ದರೆ ಮೋಸ ನಡೆದಿತ್ತು. ದಿವ್ಯಾ ತಪ್ಪು ಎದೆಯನ್ನು ತೋರಿಸಿದ್ದಳು, ಅಷ್ಟೇ.

"ಎಲ್ಲಿಗೆ ಹೋಗಾಣ ಮೇಡಮ್?" ಎಂದ ಅಜ್ಜಪ್ಪ.

"ಲಕ್ಷ್ಮೀಕಾಂತ್ ಹತ್ರ."

*

ಚಿತ್ರದುರ್ಗದ ಹೆದ್ದಾರಿ ಪಕ್ಕದ ಆ ಆಸ್ಪತ್ರೆಯಲ್ಲಿ ಡಾಕ್ಟರ್ ಲಕ್ಷ್ಮೀಕಾಂತ್ ಆಗಷ್ಟೇ ಎಕ್ಸ್-ರೇ ತಡೆಯುವ ಸೀಸದ ಏಪ್ರನ್ ಕಳಚಿ ಕುಳಿತಿದ್ದರು. ಅಂಗಿಯ ಭುಜದ ಮೇಲೆ ಅದರ ಪಟ್ಟಿಯ ಗುರುತು ಒದ್ದೆಯಾಗಿ ಕಾಣುತ್ತಿತ್ತು. ಅವರಿಗೂ ನಿದ್ದೆ ಸಾಲದೆಂದು ಮುಖವೇ ಹೇಳುತ್ತಿತ್ತು.

"ಕ್ಷಮೆ ಕೇಳೋಕೆ ಬಂದ್ರಾ?"

"ಕೇಳ್ತೀನಿ ಡಾಕ್ಟ್ರೇ. ಗಂಗಾಧರಪ್ಪನವರ ವಿಷಯದಾಗೆ ನೀವು ಹೇಳಿದ್ದೇ ನಿಜ."

"ನಾಲ್ಕು ವಾರದಿಂದ ಊರಲ್ಲಿ ತಲೆ ಎತ್ತೋಕಾಗಿಲ್ಲ ನನಗೆ. ಪತ್ರಿಕೆಯವರು ಬಾಗಿಲಲ್ಲಿ ನಿಂತಿದ್ರು. ಈಗ ಒಂದು ಮಾತಲ್ಲಿ ಮುಗೀತಾ?"

"ಇನ್ನೊಂದು ಮಾತು ಐತೆ. ಅದೇ ದಿನ ಚಿತ್ರಲಿಂಗಪ್ಪಂಗೆ ಹಾಕಿದ್ದು ಯಾವುದು?"

ಲಕ್ಷ್ಮೀಕಾಂತ್ ಕೈಯಲ್ಲಿದ್ದ ಚಹದ ಲೋಟ ಕೆಳಗಿಟ್ಟರು. "ಅದೇ. ಮದ್ದಿನದು."

"ಅವನಿಗೆ ಮತ್ತೆ ಎದೆ ಹಿಡೀತೈತೆ. ಸಂಕ್ರಾಂತಿಯಿಂದ."

"ಮದ್ದಿನದು ಹಾಕಿದ್ರೂ ಅಪರೂಪಕ್ಕೆ ಹಾಗಾಗುತ್ತೆ."

"ಸಾದಾದ್ದು ಹಾಕಿದ್ರೆ?"

"ಏನು ಹೇಳ್ತಿದೀರಿ ನೀವು?" ಅವರು ಎದ್ದು ನಿಂತರು. "ಒಬ್ಬರ ವಿಷಯದಲ್ಲಿ ಸೋತ್ರಿ, ಇನ್ನೊಬ್ಬರನ್ನ ಹಿಡ್ಕೊಂಡು ಬಂದ್ರಾ? ಸಾಬೀತು ಮಾಡಿ ನೋಡೋಣ. ಅವನ ಎದೆ ಸೀಳಿಸ್ತೀರಾ?"

"ಕೂಗಬ್ಯಾಡ್ರಿ ಡಾಕ್ಟ್ರೇ. ನಂಗೂ ಸುಸ್ತಾಗೈತೆ." ಅನುಸೂಯ ಕುಳಿತಲ್ಲಿಂದ ಅಲುಗಲಿಲ್ಲ. "ನೀವು ಬೇಕಂತ ಮಾಡಿದ್ರಿ ಅಂತ ನಾನು ಹೇಳ್ತಿಲ್ಲ. ಕೈಯಾಗೆ ಹಿಡಿದು ನೋಡಿದ್ರೆ ಲೇಪ ಇದ್ದದ್ದು ಇಲ್ಲದ್ದು ಗೊತ್ತಾಗ್ತೈತಾ?"

"ಬರಿಗಣ್ಣಿಗೆ ಗೊತ್ತಾಗಲ್ಲ."

"ಮತ್ತೆ ಹೆಂಗೆ ಗೊತ್ತು ನಿಮಗೆ, ಅವನಿಗೆ ಹಾಕಿದ್ದು ಮದ್ದಿಂದೇ ಅಂತ?"

"ಡಬ್ಬಿ ಮೇಲೆ ಬರೆದಿರುತ್ತೆ."

"ಡಬ್ಬಿ ಒಡೆದೋರು ಯಾರು?"

ಅವರು ಮೆಲ್ಲಗೆ ಮತ್ತೆ ಕುಳಿತರು.

"ಹೊರಗಿನ ಡಬ್ಬಿ ಹೊರಗೇ ಒಡೀತಾರೆ," ಎಂದರು. ಈಗ ದನಿಯಲ್ಲಿ ಸಿಟ್ಟು ಇರಲಿಲ್ಲ. "ನನಗೆ ಖಾಲಿ ಡಬ್ಬಿ ತೋರಿಸ್ತಾರೆ. ಒಳಗಿನ ಚೀಲ ಸಿಸ್ಟರ್ ಹರಿದು ಕೈಗೆ ಕೊಡ್ತಾರೆ. ಆವತ್ತು ಒಂದರ ಹಿಂದೆ ಒಂದು ಕೇಸ್ ಇತ್ತು."

"ಅಂದ್ರೆ ನಿಮ್ಮ ಆಸ್ಪತ್ರೆಯಾಗೇ ಯಾರೋ ಬದಲಾಯಿಸಿರಬಹುದು."

"ಇಲ್ಲ." ಲಕ್ಷ್ಮೀಕಾಂತ್ ಹಣೆ ಉಜ್ಜಿಕೊಂಡರು. "ಆವತ್ತಿನ ಎರಡೂ ನಮ್ಮ ಆಸ್ಪತ್ರೆಯವಲ್ಲ. ಹೊರಗಿಂದ ತಂದರೆ ಅಗ್ಗ ಆಗುತ್ತೆ ಅಂತ ರೋಗಿಯ ಕಡೆಯವರೇ ತಂದುಕೊಟ್ರು."

"ಯಾರು ತಂದುಕೊಟ್ಟಿದ್ದು?"

ಬಾಗಿಲು ಧಡಾರನೆ ತೆರೆಯಿತು. ನರ್ಸ್ ಸ್ವಾತಿ. "ಸರ್, ಎಮರ್ಜೆನ್ಸಿ. ಹಿರಿಯೂರು ಕಡೆಯಿಂದ ಬಂದಿದಾರೆ. ಬಿಪಿ ಬೀಳ್ತಿದೆ. ನಿಮ್ಮದೇ ಹಳೇ ಪೇಷೆಂಟು."

ಕಾರಿಡಾರಿನಲ್ಲಿ ಸ್ಟ್ರೆಚರ್ ಮೇಲೆ ಚಿತ್ರಲಿಂಗಪ್ಪ ಬೆವರಿನಲ್ಲಿ ತೊಯ್ದು ಮಲಗಿದ್ದ. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕೆಂಚಕ್ಕ ಓಡಿ ಬಂದು ಅನುಸೂಯಳ ಎರಡೂ ಕೈ ಹಿಡಿದಳು.

"ನೀವು ಹೋದ ಮ್ಯಾಲೆ ಅಳ್ತಾನೇ ಕುಂತಿದ್ರು ಮೇಡಮ್. ಯಜಮಾನ್ರ ಅನ್ನ ಉಂಡು ಯಜಮಾನ್ರನ್ನೇ ಉಂಡೆ ಅಂತ ಎದೆ ಬಡ್ಕಂಡ್ರು. ಹಂಗೇ ಬಿದ್ರು."

ಲಕ್ಷ್ಮೀಕಾಂತ್ ಆಗಲೇ ಅವನ ನಾಡಿ ಹಿಡಿದಿದ್ದರು. ತಲೆ ಎತ್ತಿ ಅನುಸೂಯಳ ಕಡೆ ನೋಡಿದರು. "ಈಗಲೇ ಒಳಗೆ ತಗೊಳ್ಳಬೇಕು. ಕಟ್ಟಿಕೊಂಡಿರೋದು ಹಳೇ ಸ್ಟೆಂಟಿನೊಳಗೇ ಇದ್ರೆ, ಅದರೊಳಗೇ ಇನ್ನೊಂದು ಹಾಕ್ತೀನಿ. ಆಮೇಲೆ ಹಳೇದು ಏನಿತ್ತು ಅಂತ ಯಾರಿಗೂ ಹೇಳೋಕಾಗಲ್ಲ. ಬೇಡ ಅಂದ್ರೆ ಬೆಂಗಳೂರಿಗೆ ಕಳಿಸಿ. ದಾರಿಯಲ್ಲಿ ಉಳಿಯೋದು ಅನುಮಾನ."

"ಇವರ ಕೈಗೆ ಕೊಡ್ಲಾ ಬ್ಯಾಡ್ವಾ, ನೀವೇ ಹೇಳ್ರಿ," ಎಂದಳು ಕೆಂಚಕ್ಕ. "ನಂಗೆ ತಿಳಿಯಲ್ಲ. ನೀವು ಹೇಳಿದಂಗೆ ಮಾಡ್ತೀನಿ."

ಅನುಸೂಯ ಚಿತ್ರಲಿಂಗಪ್ಪನ ಮುಖ ನೋಡಿದಳು. ಸಾಕ್ಷಿ ಇರುವುದು ಆ ಎದೆಯಲ್ಲಿ. ಉಸಿರಾಡುತ್ತಿರುವುದೂ ಅದೇ ಎದೆ.

"ಒಳಗೆ ಕರ್ಕಂಡು ಹೋಗ್ರಿ," ಎಂದಳು.

ಸ್ಟ್ರೆಚರ್ ಉರುಳಿತು. ಅದರ ಹಿಂದೆ ನಿಂತಿದ್ದ ಮನುಷ್ಯ ಆಗ ಅವಳಿಗೆ ಕಂಡ. ಗುರುರಾಜ್. ಅಂಗಿಯೆಲ್ಲ ಚಿತ್ರಲಿಂಗಪ್ಪನ ವಾಂತಿಯ ಕಲೆ. ಕಂಕುಳಲ್ಲಿ ಒಂದು ಬಿಳಿ ಡಬ್ಬಿ.

"ಕೆಂಚಕ್ಕ ಬೂತಿಂದ ಫೋನ್ ಮಾಡಿದ್ಲು. ಏಜೆನ್ಸಿಯಾಗೇ ಇದ್ದೆ, ನನ್ನ ಕಾರಿನಾಗೇ ಹಾಕ್ಕಂಡು ಬಂದೆ," ಎಂದ. ಏದುಸಿರು ಬಿಡುತ್ತಿದ್ದ. "ಸ್ಟೆಂಟ್ ಬೇಕಾಗಬಹುದು ಅಂತ ಬರೋವಾಗ ಇದನ್ನೂ ತಂದೆ. ಹೋದ ಸಲನೂ ನಾನೇ ತಂದುಕೊಟ್ಟಿದ್ದು."

ಅನುಸೂಯಳ ಕಿವಿಯಲ್ಲಿ ಹೆದ್ದಾರಿಯ ಲಾರಿಗಳ ಸದ್ದು ಮತ್ತೆ ತುಂಬಿಕೊಂಡಿತು. ಡಬ್ಬಿಯ ಮೇಲಿನ ಅಕ್ಷರ ಓದಲು ನೋಡಿದಳು. ಕಣ್ಣು ಮಂಜಾಗಿತ್ತು.

"ಅಜ್ಜಪ್ಪ," ಎಂದಳು, "ಓಡಿ ಹೋಗಿ ಡಾಕ್ಟ್ರಿಗೆ ಹೇಳ್ರಿ. ಆಸ್ಪತ್ರೆಯದ್ದೇ ಹಾಕ್ಲಿ, ಹೊರಗಿನದು ಯಾವುದೂ ಬ್ಯಾಡ. ಡಬ್ಬಿ ನಿಮ್ಮ ಎದುರಿಗೇ ಒಡೀಬೇಕು." ಆಮೇಲೆ ಗುರುರಾಜನ ಮುಂದೆ ಕೈ ಚಾಚಿದಳು. "ಅದನ್ನ ನನ್ನ ಹತ್ರ ಕೊಡ್ರಿ."

ಅವನು ಮರುಮಾತಿಲ್ಲದೆ ಕೊಟ್ಟ. ಅಂಜಿಕೆಯೋ, ಏನೂ ತಿಳಿಯದ ನಿರಾಳವೋ, ಅವನ ಮುಖದಲ್ಲಿ ಅವಳಿಗೆ ಏನೂ ಓದಲಾಗಲಿಲ್ಲ. ಡಬ್ಬಿಯನ್ನು ತಿರುಗಿಸಿ ನೋಡಿದಳು. ಮುಚ್ಚಳದ ಅಂಚಿನ ಅಂಟುಪಟ್ಟಿಯನ್ನು ಒಮ್ಮೆ ಬಿಡಿಸಿ ಮತ್ತೆ ಅಂಟಿಸಿದಂತಿತ್ತು.

ಆಪರೇಷನ್ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಕೆಂಚಕ್ಕ ಗೋಡೆಯ ಬುಡದಲ್ಲಿ ಕುಕ್ಕರಿಸಿದಳು.

ಗುರುರಾಜ್ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡ. ಆಮೇಲೆ, ತಂದೆಯ ಅಂಗಿಗಳನ್ನು ನೋಡಿದಾಗಿನಿಂದ ಅದೊಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿದ್ದವನಂತೆ, ತಗ್ಗಿದ ದನಿಯಲ್ಲಿ ಕೇಳಿದ.

"ಮೇಡಮ್, ನಮ್ಮಪ್ಪ ಆ ಗುಳಿಗೇನ ಏನ್ ಮಾಡ್ತಿದ್ರು ಅಂತ ಗೊತ್ತಾತಾ?"